ಗೌರಿ ತಿಂದ ಇನ್ನೂರೈವತ್ತು ರೂಪಾಯಿ

ದಸರಾ ರಜೆಗೆ ಬಂದಿದ್ದ ಮೊಮ್ಮಗ ಒಂದು ಬೆಳಿಗ್ಗೆ ಅಂಗಳದಿಂದ ಕೂಗಿಕೊಂಡೇ ಬಂದ. "ಅಜ್ಜಾ, ಬೇಗ ಬಾ, ಗೌರಿ ಐನೂರು ರೂಪಾಯಿ ತಿಂತಾ ಇದೆ!"

ತೋಟದ ಕಳೆ ತೆಗೆದವರಿಗೆ ಕೊಡಬೇಕಿದ್ದ ಮಜೂರಿಯನ್ನು ಜಗಲಿಯ ಮೇಲೆ ಎಣಿಸಿಟ್ಟು, ಕನ್ನಡಕ ತರಲು ನಾನು ಒಳಗೆ ಹೋಗಿದ್ದೆ. ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು ನೋಟಿನ ಮೇಲೆ ಭಾರ ಇಡದೆ ಎದ್ದು ಹೋದೆ ಎಂದರೆ ನಾಚಿಕೆಯ ವಿಷಯ. ಗಾಳಿಗೆ ಒಂದು ನೋಟು ಅಂಗಳಕ್ಕೆ ಹಾರಿತ್ತು. ಮೇಯಲು ಬಿಟ್ಟಿದ್ದ ಗೌರಿ ಅದನ್ನು ಹಲಸಿನ ಎಲೆಯೆಂದು ತಿಳಿದಳೋ, ಮಜೂರರ ಬೆವರಿನ ಉಪ್ಪಿನ ವಾಸನೆ ಹಿಡಿದಳೋ ಗೊತ್ತಿಲ್ಲ. ಬಾಯಿಂದ ಕಿತ್ತುಕೊಂಡಾಗ ಒಂದು ಮೂಲೆ ಆಗಲೇ ಹೊಟ್ಟೆ ಸೇರಿತ್ತು.

ಮೊಮ್ಮಗನ ಮುಖ ಸಣ್ಣಗಾಯಿತು. "ಇನ್ನು ಇದು ಹೋಯ್ತಾ ಅಜ್ಜ?"

"ಹೋಗಲಿಲ್ಲ ಮಾರಾಯ, ನಿನ್ನ ಗಣಿತದ ಗ್ರಾಫ್ ಪುಸ್ತಕ ತಾ" ಎಂದೆ.

ಮಕ್ಕಳೇ, ಇದನ್ನು ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಈಗಿನ ಐನೂರರ ನೋಟಿನ ಉದ್ದ 150 ಮಿಲಿಮೀಟರ್, ಅಗಲ 66 ಮಿಲಿಮೀಟರ್. ಅಂದರೆ ವಿಸ್ತೀರ್ಣ 99 ಚದರ ಸೆಂಟಿಮೀಟರ್. ಹರಿದ ನೋಟಿನ ಬಗ್ಗೆ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಐವತ್ತು ರೂಪಾಯಿ ಮತ್ತು ಅದಕ್ಕೆ ಮೇಲಿನ ನೋಟಿನಲ್ಲಿ ಉಳಿದ ದೊಡ್ಡ ತುಂಡು ಶೇಕಡಾ 80ಕ್ಕಿಂತ ಹೆಚ್ಚಿದ್ದರೆ ಪೂರ್ತಿ ಹಣ. 40ರಿಂದ 80ರ ಒಳಗಿದ್ದರೆ ಅರ್ಧ. 40ಕ್ಕಿಂತ ಕಡಿಮೆಯಾದರೆ ಏನೂ ಇಲ್ಲ. ಇಪ್ಪತ್ತು ರೂಪಾಯಿ ತನಕದ ಸಣ್ಣ ನೋಟಿಗೆ ಲೆಕ್ಕ ಇನ್ನೂ ಸುಲಭ, ಅರ್ಧಕ್ಕಿಂತ ಹೆಚ್ಚು ಭಾಗ ಇದ್ದರೆ ಪೂರ್ತಿ ಹಣ, ಇಲ್ಲದಿದ್ದರೆ ಸೊನ್ನೆ.

ನೋಟನ್ನು ಒಣಗಿಸಿ, ಗ್ರಾಫ್ ಹಾಳೆಯ ಮೇಲಿಟ್ಟು, ಅಂಚಿನುದ್ದಕ್ಕೂ ಪೆನ್ಸಿಲ್ ಎಳೆದು ಹುಡುಗ ಚೌಕ ಎಣಿಸಿದ. 71 ಬಂತು. ಅವನಿಗೆ ಸಮಾಧಾನ ಇಲ್ಲ. "71 ಉಳಿದಿದೆ ಅಂದ್ರೆ 358 ರೂಪಾಯಿ ಕೊಡಬೇಕಲ್ಲ, 250 ಯಾಕೆ?"

ಒಳ್ಳೆಯ ಪ್ರಶ್ನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಹೆಡ್ ಕ್ಯಾಶಿಯರನ್ನು ಹೀಗೇ ಕೇಳಿದ್ದೆ. ಅವರು ಒಂದು ಹಾಳೆಯನ್ನು ಎರಡು ತುಂಡು ಮಾಡಿ, "ಇದನ್ನು ನೀನು ತಾ, ಇನ್ನೊಂದನ್ನು ನಿನ್ನ ತಮ್ಮ ಇನ್ನೊಂದು ಊರಿನ ಶಾಖೆಗೆ ತರಲಿ" ಎಂದಿದ್ದರು. ಅದನ್ನೇ ಮೊಮ್ಮಗನಿಗೂ ತೋರಿಸಿದೆ. ಒಂದು ತುಂಡು 60, ಇನ್ನೊಂದು 40 ಆದರೆ ಇಬ್ಬರಿಗೂ ಅರ್ಧರ್ಧ. ಒಂದು 85, ಇನ್ನೊಂದು 15 ಆದರೆ ಒಬ್ಬನಿಗೆ ಪೂರ್ತಿ, ಇನ್ನೊಬ್ಬನಿಗೆ ಇಲ್ಲ. ಹೇಗೆ ಹರಿದರೂ ಒಂದು ನೋಟಿಗೆ ಒಂದು ನೋಟಿನ ಹಣಕ್ಕಿಂತ ಹೆಚ್ಚು ಹೊರಗೆ ಹೋಗುವುದಿಲ್ಲ. ಚೌಕ ಎಣಿಸುತ್ತ ಕೂತರೆ ಹಿಂದೆ ಸಾಲಿನಲ್ಲಿ ನಿಂತವರ ಗತಿ ಏನು, ಅದೂ ಇದೆ.

"ಹಾಗಾದ್ರೆ ಗೌರಿ 250 ರೂಪಾಯಿ ತಿಂದ ಹಾಗಾಯ್ತು" ಎಂದು ಹುಡುಗ ತೀರ್ಪು ಕೊಟ್ಟ. "ಇದನ್ನು ಅವಳ ಲೆಕ್ಕಕ್ಕೆ ಬರೀಬೇಕು."

ಗೌರಿಗೆ ಲೆಕ್ಕ ಇದೆ ಎಂಬುದು ಅವನಿಗೆ ಗೊತ್ತು. ನನ್ನ ಖರ್ಚಿನ ಪುಸ್ತಕದಲ್ಲಿ ಕೊಟ್ಟಿಗೆಗೆಂದು ಬೇರೆ ಪುಟ, ಕಾಳನಿಗೆ ಅಂದರೆ ನಾಯಿಗೆ ಬೇರೆ ಪುಟ. ಬೆಕ್ಕಿಗೆ ಪುಟ ಇಲ್ಲ, ಅದು ಯಾವ ಮನೆಯದು ಎಂದು ಅದಕ್ಕೇ ತೀರ್ಮಾನ ಆಗಿಲ್ಲ. 1868ರಲ್ಲಿ ಲಂಡನ್ನಿನ ಮನಿ ಆರ್ಡರ್ ಕಚೇರಿಯಲ್ಲಿ ಇಲಿ ಹಿಡಿಯಲು ಮೂರು ಬೆಕ್ಕುಗಳನ್ನು ನೇಮಿಸಿ, ವಾರಕ್ಕೆ ಒಂದು ಶಿಲ್ಲಿಂಗ್ ಮಂಜೂರು ಮಾಡಿದ್ದರು. ಆ ದೇಶದ ಪ್ರಧಾನಿಯ ಮನೆಯಲ್ಲಿ 2011ರಿಂದ ಲ್ಯಾರಿ ಎಂಬ ಬೆಕ್ಕಿದೆ. 2024ರೊಳಗೆ ಅದು ಆರು ಪ್ರಧಾನಿಗಳನ್ನು ಕಂಡಿತು. ಪ್ರಧಾನಿಗಳು ಬದಲಾದರೂ ಬೆಕ್ಕಿನ ಹುದ್ದೆ ಕಾಯಂ. ನಮ್ಮದಕ್ಕೆ ಹುದ್ದೆಯೂ ಇಲ್ಲ, ಇಲಿಯ ಮೇಲೆ ಆಸಕ್ತಿಯೂ ಇಲ್ಲ.

ಗೌರಿಯ ವಿಷಯಕ್ಕೆ ಬರುತ್ತೇನೆ. ಅವಳು ಮಲೆನಾಡು ಗಿಡ್ಡ. ನಮ್ಮ ಭಂಡಿಗಡಿ, ಹರಿಹರಪುರ, ಶೃಂಗೇರಿ ಕಡೆಯ ಮಳೆಗೂ ಗುಡ್ಡಕ್ಕೂ ಹೇಳಿ ಮಾಡಿಸಿದ ಜಾತಿ. ನನ್ನ ಸೊಂಟದೆತ್ತರ ಇದ್ದಾಳೆ, ಅಷ್ಟೆ. ಕರು ಹಾಕಿದ ಕಾಲದಲ್ಲೂ ಹೊತ್ತಿಗೆ ಒಂದು ಲೀಟರ್ ಹಾಲು ಕೊಟ್ಟರೆ ದೊಡ್ಡದು. ಈಗ ವಯಸ್ಸಾಗಿದೆ, ಹಾಲು ನಿಂತು ಎರಡು ವರ್ಷ ದಾಟಿತು. ಬೆಂಗಳೂರಿನಲ್ಲಿರುವ ಮಗ ಫೋನು ಮಾಡಿದಾಗಲೆಲ್ಲ ಒಂದೇ ಮಾತು: "ಅಪ್ಪ, ನಿಮಗೂ ಅಮ್ಮನಿಗೂ ಇನ್ನು ಸಗಣಿ ಬಾಚೋ ವಯಸ್ಸಲ್ಲ. ಗೋಶಾಲೆಗೆ ಬಿಡಿ. ನೀವೇ ಲೆಕ್ಕ ಹಾಕಿ ನೋಡಿ."

ಲೆಕ್ಕ ಹಾಕಿ ಎಂದರೆ ನಾನು ಬಿಡುವವನಲ್ಲ. ಆ ಮಧ್ಯಾಹ್ನ ಅಜ್ಜ, ಮೊಮ್ಮಗ ಇಬ್ಬರೂ ಪುಸ್ತಕ ಬಿಚ್ಚಿ ಕೂತೆವು.

ಖರ್ಚು: ಹಿಂಡಿ, ಬೂಸಾ ಸೇರಿ ದಿನಕ್ಕೆ 30 ರೂಪಾಯಿಯಂತೆ ವರ್ಷಕ್ಕೆ 10,950. ಔಷಧಿ, ಹಗ್ಗ, ಕೊಟ್ಟಿಗೆಯ ಹಂಚು ಅಂತ ಇನ್ನೊಂದು 1,050. ಒಟ್ಟು 12,000. ಅಕ್ಕಚ್ಚು, ಹುಲ್ಲು ಮನೆಯದೇ.

ಆದಾಯದ ಕಡೆ ಹಾಲು ಇಲ್ಲ. ಗೊಬ್ಬರ ಇದೆ. ಸೊಪ್ಪು, ದರಗು ಸೇರಿ ಅವಳೊಬ್ಬಳ ಕೊಟ್ಟಿಗೆಯಿಂದ ವರ್ಷಕ್ಕೆ ಸುಮಾರು ಮೂರು ಟನ್ ಗೊಬ್ಬರ ಏಳುತ್ತದೆ. ಅಡಿಕೆ ಮರಕ್ಕೆ ವರ್ಷಕ್ಕೆ 12 ಕಿಲೋ ಗೊಬ್ಬರ ಎಂಬುದು ಶಿಫಾರಸು. ಹಾಗಾದರೆ 250 ಮರಕ್ಕೆ ಆಯಿತು. ಅದರ ಜೊತೆಗೆ ಮರವೊಂದಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಬೇಕು ಎನ್ನುತ್ತಾರೆ. ಗೊಬ್ಬರದಲ್ಲಿ ಪೊಟ್ಯಾಷ್ ಶೇಕಡಾ ಅರ್ಧದಷ್ಟು ಇರುತ್ತದೆ ಎಂದು ಹಿಡಿದರೆ ಮೂರು ಟನ್ನಿನಲ್ಲಿ 15 ಕಿಲೋ. ಅಂಗಡಿಯ 50 ಕಿಲೋ ಪೊಟ್ಯಾಷ್ ಚೀಲದಲ್ಲಿ ನಿಜವಾದ ಪೊಟ್ಯಾಷ್ 30 ಕಿಲೋ. ಅಂದರೆ ಗೌರಿ ವರ್ಷಕ್ಕೆ ಅರ್ಧ ಚೀಲ ಪೊಟ್ಯಾಷಿಗೆ ಸಮ.

"ಒಂದು ಚೀಲಕ್ಕೆ ಎಷ್ಟು ಅಜ್ಜ?"

"ಯಾವ ವರ್ಷದ್ದು ಬೇಕು ಹೇಳು" ಎಂದು ಅಟ್ಲಾಸ್ ತರಿಸಿದೆ. ಪೊಟ್ಯಾಷನ್ನು ನಮ್ಮ ದೇಶ ಹೊರಗಿನಿಂದಲೇ ತರಿಸಬೇಕು. ಕೆನಡಾ, ರಷ್ಯಾ, ಬೆಲಾರುಸ್, ಇವು ದೊಡ್ಡ ಗಣಿಗಳ ದೇಶಗಳು. ಬೆಲಾರುಸಿಗೆ ಸಮುದ್ರ ಇಲ್ಲ. ಅದರ ಪೊಟ್ಯಾಷ್ ಪಕ್ಕದ ಲಿಥುವೇನಿಯಾದ ರೈಲಿನಲ್ಲಿ ಹೋಗಿ ಹಡಗು ಹತ್ತಬೇಕಿತ್ತು. 2022ರ ಫೆಬ್ರುವರಿ ಒಂದರಿಂದ ಲಿಥುವೇನಿಯಾ ಆ ದಾರಿ ಮುಚ್ಚಿತು. ಅದೇ ತಿಂಗಳ 24ಕ್ಕೆ ರಷ್ಯಾ ಯುಕ್ರೇನಿಗೆ ನುಗ್ಗಿತು. ನನ್ನ ಪುಸ್ತಕದಲ್ಲಿ ಆ ವರ್ಷ ಪೊಟ್ಯಾಷ್ ಚೀಲಕ್ಕೆ 1,700 ರೂಪಾಯಿ ಎಂದು ಕೆಂಪು ಶಾಯಿಯಲ್ಲಿದೆ. ಅದರ ಕೆಳಗೇ ಸೂರ್ಯಕಾಂತಿ ಎಣ್ಣೆ. ನಾವು ಕೊಳ್ಳುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಯುಕ್ರೇನಿನದು. ಇನ್ನು ತಾಳೆ ಎಣ್ಣೆಯಾದರೂ ಇದೆ ಅನ್ನುವಾಗ ಏಪ್ರಿಲ್ 28ಕ್ಕೆ ಇಂಡೋನೇಷ್ಯಾ ರಫ್ತು ನಿಲ್ಲಿಸಿತು, ಮೇ 23ಕ್ಕೆ ಬಿಟ್ಟಿತು. ಆ ತಿಂಗಳು ನಮ್ಮ ಮನೆಯಲ್ಲಿ ಹಪ್ಪಳ ಕರಿದದ್ದಿಲ್ಲ, ಕೆಂಡದ ಮೇಲೆ ಸುಟ್ಟಿದ್ದೇ.

ಯುದ್ಧ ಟಿವಿಯಲ್ಲಿ ಆಗುತ್ತದೆ ಎಂದುಕೊಂಡಿದ್ದ ಹುಡುಗ ಪುಸ್ತಕದ ಆ ಪುಟವನ್ನೇ ನೋಡುತ್ತ ಕೂತ.

ಅಡಿಕೆಯದೂ ಇದೇ ಕಥೆ. 2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಬರಲು ಸರ್ಕಾರ ಒಪ್ಪಿದಾಗ ಕೊಪ್ಪದ ಪೇಟೆಯಲ್ಲಿ ಕಾಫಿ ಕುಡಿಯುವವರೆಲ್ಲ ಭೂತಾನಿನ ತಜ್ಞರಾಗಿಬಿಟ್ಟಿದ್ದರು. 2023ರ ಫೆಬ್ರುವರಿಯಲ್ಲಿ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351ಕ್ಕೆ ಏರಿಸಿದರು. ಅದಕ್ಕಿಂತ ಅಗ್ಗದ್ದು ಒಳಗೆ ಬರಬಾರದು ಎಂದು. ಇಷ್ಟೆಲ್ಲ ದೆಹಲಿಯಲ್ಲಿ ಬರೆದದ್ದು ಗೌರಿಯ ಹಿಂಡಿಯ ಬಕೆಟ್ಟಿಗೆ ಬಂದು ಮುಟ್ಟುತ್ತದೆ. ಅಡಿಕೆಗೆ ದರ ಇದ್ದರೆ ಹಿಂಡಿ ಎರಡು ಹಿಡಿ ಹೆಚ್ಚು, ಇಲ್ಲದಿದ್ದರೆ ಅಕ್ಕಚ್ಚು ಹೆಚ್ಚು.

ಪೊಟ್ಯಾಷಿನದು 850, ಯೂರಿಯಾ ಫಾಸ್ಫೇಟಿನದು ಇನ್ನೊಂದು 600 ಎಂದು ಹಿಡಿದು ಗೌರಿಯ ಆದಾಯ 1,450 ಎಂದು ಬರೆದೆ. ಅಷ್ಟರಲ್ಲಿ ಮನೆಯವಳು ಅಡಿಗೆಮನೆಯಿಂದಲೇ ಹೇಳಿದಳು: "ಅದೆಂತ ಲೆಕ್ಕ ಮಾರಾಯ್ರೇ? ಹೋದ ವರ್ಷ ಗೊಬ್ಬರ ಸಾಲದೆ ಹೊರಗಿಂದ ಒಂದು ಲೋಡು ತರಿಸಿದಿರಲ್ಲ, ಅದಕ್ಕೆಷ್ಟು ಕೊಟ್ಟಿರಿ?"

ಕೊಟ್ಟದ್ದು 7,000. ಅದೂ ಪುಸ್ತಕದಲ್ಲಿದೆ. ಒಂದೇ ಸಗಣಿಗೆ ನನ್ನ ಕಡೆಯಿಂದ 1,450, ಅವಳ ಕಡೆಯಿಂದ 7,000. ಬಿ.ಕಾಂ. ಓದಿದವನು ಸೋತೆ, ಹೊಡೆದು 7,000 ಬರೆದೆ. ಆದರೂ ನಷ್ಟ 5,000. ಸುಳ್ಳು ಹೇಳುವುದು ಬೇಡ, ಮಗ ಹೇಳಿದ್ದು ಸರಿಯೇ.

ಲೆಕ್ಕ ಅಲ್ಲಿಗೆ ನಿಲ್ಲಿಸಿ ಪಕ್ಕದ ಮನೆಯ ಅಜ್ಜಮ್ಮನ ವಿಷಯ ಹೇಳಿದೆ. ಇದು ನನಗೆ ಈಗಲೂ ಹೊಟ್ಟೆಯಲ್ಲಿ ಕಲ್ಲಿಟ್ಟ ಹಾಗೆ ಇದೆ. ಆಕೆ ಎರಡು ಕರು ಮಾರಿ ಬಂದ ದುಡ್ಡಿನಲ್ಲಿ ಒಂಬತ್ತು ಐನೂರರ ನೋಟನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿಯ ಡಬ್ಬಿಯ ತಳದಲ್ಲಿ ಇಟ್ಟಿದ್ದರು. ಸೊಸೆಗೂ ಹೇಳಿರಲಿಲ್ಲ. 2016ರ ನವೆಂಬರ್ 8ರ ರಾತ್ರಿ ಹಳೆಯ ಐನೂರು, ಸಾವಿರದ ನೋಟು ನಡೆಯುವುದಿಲ್ಲ ಎಂದಾಗ ಅವರು ಮಗಳ ಬಾಣಂತನಕ್ಕೆ ಬೇರೆ ಊರಿನಲ್ಲಿದ್ದರು. ಡಿಸೆಂಬರ್ 30ಕ್ಕೆ ಬ್ಯಾಂಕಿಗೆ ಕಟ್ಟುವ ಗಡುವು ಮುಗಿಯಿತು. ಮರುವರ್ಷ ಯುಗಾದಿಗೆ ಡಬ್ಬಿ ಬರಿದು ಮಾಡುವಾಗ ನೆನಪಾಗಿ, ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಹತ್ತಿರ ಬಂದರು. "ಬ್ಯಾಂಕಿನವರೇ, ನಿಮಗೆ ಅಲ್ಲಿ ಗುರುತಿದೆಯಲ್ಲ."

ಗುರುತಿನಿಂದ ಆಗುವ ಕೆಲಸ ಅಲ್ಲ ಅದು. ನಾನು ನಿವೃತ್ತನಾಗಿ ವರ್ಷಗಳೇ ಆಗಿದ್ದವು, ಆಗದಿದ್ದರೂ ಏನೂ ಮಾಡುವಂತಿರಲಿಲ್ಲ. ಆ ವರ್ಷ ಬಂದ ಕಾನೂನಿನಲ್ಲಿ ಹಳೆಯ ನೋಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು ತಪ್ಪು. "ಒಂಬತ್ತು ಇದೆ, ನಿಮಗೇನೂ ತೊಂದರೆ ಇಲ್ಲ" ಎಂದಷ್ಟೇ ಹೇಳಲು ನನಗೆ ಸಾಧ್ಯವಾಯಿತು. ಅವರು ಸ್ವಲ್ಪ ಹೊತ್ತು ನೋಟು ನೋಡಿದರು. "ಕರು ಇಟ್ಟುಕೊಂಡಿದ್ದರೆ ಇಷ್ಟೊತ್ತಿಗೆ ಹಾಲು ಕುಡಿಯುತ್ತಿದ್ದೆವು" ಎಂದು ಎದ್ದು ಹೋದರು.

ದನ, ಧನ ಎರಡಕ್ಕೂ ನಮ್ಮ ಭಾಷೆಯಲ್ಲಿ ಒಂದು ಉಸಿರಿನ ಅಂತರ. ಲ್ಯಾಟಿನ್ನಿನಲ್ಲೂ ದನಕ್ಕೆ ಪೆಕುಸ್, ಹಣಕ್ಕೆ ಪೆಕುನಿಯಾ. ಅಜ್ಜಮ್ಮ ಯಾವ ಭಾಷೆಯ ವ್ಯುತ್ಪತ್ತಿಯನ್ನೂ ಓದಿದವರಲ್ಲ.

"ನಾಯಿ ಏನೂ ಕೊಡಲ್ಲ, ಸಗಣಿನೂ ಇಲ್ಲ. ಕಾಳನ ಪುಟದಲ್ಲಿ ಬರೀ ಖರ್ಚೇ" ಎಂದು ಮೊಮ್ಮಗ ಮುಂದಿನ ಪುಟ ತಿರುಗಿಸಿದ. ಕಾಳ ಹೊಸಿಲಿನಲ್ಲಿ ಮಲಗಿದ್ದವನು ಹೆಸರು ಕೇಳಿ ಒಂದು ಕಿವಿ ಎತ್ತಿದ. ನಮ್ಮಲ್ಲಿ ನಾಯಿ ಸಾಕುವುದೆಂದರೆ ಮಂಗ ಓಡಿಸಲಿ ಎಂದು. ಕತ್ತಲಾದ ಮೇಲೆ ನಾಯಿಯನ್ನು ನಾವೇ ಕಾಯಬೇಕು, ಚಿರತೆ ಬರುತ್ತದೆ. ಇವನಿಗಿಂತ ಮುಂಚಿನವನನ್ನು ಜಗಲಿಯಿಂದಲೇ ಎತ್ತಿಕೊಂಡು ಹೋಗಿತ್ತು.

ನಾಯಿಗೆ ಯಾರಾದರೂ ಹಣ ಇಟ್ಟದ್ದುಂಟೇ? ಉಂಟು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಸುಮಾರು ಕ್ರಿ.ಶ. 949–50ರ ಕಾಲ. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಘೋರ ಯುದ್ಧ, ಚೋಳ ರಾಜಾದಿತ್ಯ ಅಲ್ಲಿ ಸತ್ತ. ಕೃಷ್ಣನ ಪಕ್ಷದಲ್ಲಿದ್ದ ಗಂಗರ ಬೂತುಗನಿಗೆ ಬನವಾಸಿ, ಬೆಳ್ವೊಲದಂಥ ನಾಡುಗಳೇ ಬಹುಮಾನ ಸಿಕ್ಕವು. ಆ ಬೂತುಗನ ಕಡೆಯ ವೀರ ಮಣಲೇರ. ಏನು ಬೇಕು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮುಂದೊಂದು ದಿನ ಆ ಕಾಳಿಯನ್ನು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಕಾದಾಡಿ ಎರಡೂ ಸತ್ತವು. ಮಣಲೇರ ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದ. ಅಷ್ಟಕ್ಕೇ ಬಿಡಲಿಲ್ಲ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಗದ್ದೆಯನ್ನು ಬಿಟ್ಟುಕೊಟ್ಟ. ಗದ್ದೆ ಉಣ್ಣುವ ಪೂಜಾರಿ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಎಂಬ ಷರತ್ತನ್ನೂ ಕೆತ್ತಿಸಿದ.

ನಾನು ಬ್ಯಾಂಕಿನಲ್ಲಿ ಎಷ್ಟೋ ಠೇವಣಿ ಪತ್ರ ಬರೆದಿದ್ದೇನೆ. ಇಷ್ಟು ಬಿಗಿಯಾದ ಷರತ್ತಿನದು ಒಂದೂ ಇರಲಿಲ್ಲ. ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಮೇಲೆ ನಾಯಿ ಹಂದಿ ಕಾದಾಡುವ ಕೆತ್ತನೆಯಿದೆ. ರಜೆ ಮುಗಿಸಿ ಹೋದ ಮೇಲೆ ನೋಡುತ್ತೇನೆ ಎಂದು ಮೊಮ್ಮಗ ಕೈಯ ಮೇಲೆ ಪೆನ್ನಿನಲ್ಲಿ ಬರೆದುಕೊಂಡ.

ಮಾರನೇ ದಿನ ಕೊಪ್ಪಕ್ಕೆ ಹೋಗಿ ಬ್ಯಾಂಕಿನಲ್ಲಿ ನೋಟು ಕೊಟ್ಟೆವು. ಕೌಂಟರಿನ ಹುಡುಗಿ ಗ್ರಾಫ್ ಹಾಳೆಯನ್ನೂ ಜೊತೆಗಿಟ್ಟದ್ದು ಕಂಡು ನಕ್ಕಳು. ಎರಡು ನೂರರ ನೋಟು, ಒಂದು ಐವತ್ತು ಸಿಕ್ಕಿತು. ಬಸ್ಸಿನಲ್ಲಿ ಬರುವಾಗ ಹುಡುಗ ಮಾತಾಡಲಿಲ್ಲ. ಮನೆ ಹತ್ತಿರ ಬಂದ ಮೇಲೆ, "ಅಪ್ಪ ಕೇಳಿದ್ರೆ ಎಷ್ಟು ನಷ್ಟ ಅಂತ ಹೇಳ್ಲಿ?" ಎಂದ.

"ಇದ್ದದ್ದನ್ನೇ ಹೇಳು."

"ಆಮೇಲೆ ಗೌರಿನ ಕಳಿಸ್ತೀರಾ?"

ಆ ಮಾತಿಗೆ ಅಜ್ಜಿಯನ್ನು ಕೇಳು ಎಂದೆ. ಅಜ್ಜಿ ಕೊಟ್ಟಿಗೆಯಲ್ಲಿ ಉಣ್ಣೆ ಆರಿಸುತ್ತಿದ್ದಳು. ಗೌರಿ ಕತ್ತು ಉದ್ದ ಮಾಡಿ, ಕಣ್ಣು ಮುಚ್ಚಿ ನಿಂತಿದ್ದಳು. ಹುಡುಗ ಹೋಗಿ ಪಕ್ಕದಲ್ಲಿ ಕೂತ, ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಬಂದು ನನ್ನ ಪುಸ್ತಕ ತೆಗೆದು, ಕೊಟ್ಟಿಗೆಯ ಪುಟದ ಕೊನೆಯ ಸಾಲಿನಲ್ಲಿ "ತಿಂದದ್ದು 250" ಎಂದು ಸೇರಿಸಿ ಕೂಡಿಸಿದ. ನಷ್ಟ 5,250. ನಮ್ಮ ಬ್ಯಾಂಕಿನ ಪದ್ಧತಿಯಂತೆ ಅದರ ಕೆಳಗೆ ನಾನು "ಮುಂದಿನ ಪುಟಕ್ಕೆ ಒಯ್ದದ್ದು" ಎಂದು ಬರೆದು ಸಹಿ ಹಾಕಿದೆ.