ಹೊಗೆ ದಟ್ಟವಾದ ದಿನ ಮನೆಯಲ್ಲಿ ಏನು ಮಾಡಬೇಕು?

ಶಕ್ತಿನಗರದ ಕಡೆ ಹೋದವರೆಲ್ಲ ಅಲ್ಲಿನ ಎತ್ತರದ ಚಿಮ್ನಿಗಳನ್ನು ನೋಡಿರುತ್ತೀರಿ. ಕೆಲವು ದಿನ ಹೊಗೆ ಬರುತ್ತಿರುವುದೇ ಗೊತ್ತಾಗುವುದಿಲ್ಲ. ಇನ್ನು ಕೆಲವು ದಿನ ದಟ್ಟ ಹೊಗೆ ಏಳುತ್ತದೆ. ಸುತ್ತಲಿನ ಊರುಗಳಲ್ಲಿ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆ, ಸಂಡಿಗೆಗಳ ಮೇಲೆ ಬೂದಿ ಕೂರುತ್ತದೆ. ಚಿಮ್ನಿ ಅದೇ, ಕಲ್ಲಿದ್ದಲೂ ಅದೇ. ಹಾಗಾದರೆ ಈ ವ್ಯತ್ಯಾಸ ಏಕೆ?

ಯಾವ ಕಾರ್ಖಾನೆಯೂ ಎಲ್ಲ ಹೊತ್ತಿನಲ್ಲಿ ಒಂದೇ ಸಮನೆ ಹೊಗೆ ಬಿಡುವುದಿಲ್ಲ. ಯಂತ್ರ ಸರಾಗವಾಗಿ ನಡೆಯುವಾಗ ಒಂದು ಲೆಕ್ಕ. ಹೊತ್ತಿಸುವಾಗ, ನಿಲ್ಲಿಸುವಾಗ, ಕೆಟ್ಟಾಗ ಇನ್ನೊಂದು ಲೆಕ್ಕ. ವರ್ಷದ ಸರಾಸರಿ ಎಷ್ಟೇ ಚೆನ್ನಾಗಿರಲಿ, ಉಬ್ಬಸದ ಮಗುವಿಗೆ ತೊಂದರೆ ಕೊಡುವುದು ಆ ಕೆಲವು ತಾಸುಗಳ ಗಾಳಿ.

ಬೂದಿ ಹಿಡಿಯುವ ಯಂತ್ರ

ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಆರಂಭವಾದದ್ದು 1985ರಲ್ಲಿ. ಮುಂದೆ ಅದು ಎಂಟು ಘಟಕಗಳ, 1720 ಮೆಗಾವ್ಯಾಟ್ ಸಾಮರ್ಥ್ಯದ ಕೇಂದ್ರವಾಗಿ ಬೆಳೆಯಿತು. ಯರಮರಸ್‌ನಲ್ಲಿ ತಲಾ 800 ಮೆಗಾವ್ಯಾಟ್‌ನ ಎರಡು ಘಟಕಗಳು ಬಂದವು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಶೇ. 30ರಿಂದ 45ರಷ್ಟು ಬೂದಿಯೇ ಇರುತ್ತದೆ. ಅಧಿಕ ವೋಲ್ಟೇಜಿನ ಫಲಕಗಳು ಈ ಬೂದಿಯನ್ನು ಸೆಳೆದು ಹಿಡಿಯುತ್ತವೆ. ಸರಿಯಾಗಿ ನಡೆದರೆ ಶೇ. 99ಕ್ಕೂ ಹೆಚ್ಚು ಬೂದಿ ಅಲ್ಲಿಯೇ ನಿಲ್ಲುತ್ತದೆ.

ಆದರೆ ಬಾಯ್ಲರ್ ಹೊತ್ತಿಸುವಾಗ ಮೊದಲು ಎಣ್ಣೆ ಉರಿಸಬೇಕು. ಅರೆಬೆಂದ ಎಣ್ಣೆಯ ಮಸಿಗೆ ಬೆಂಕಿ ತಗಲೀತೆಂದು ಆಗ ಈ ಫಲಕಗಳಿಗೆ ಸಾಮಾನ್ಯವಾಗಿ ವಿದ್ಯುತ್ ಕೊಡುವುದಿಲ್ಲ. ಕಪ್ಪು ಹೊಗೆ ಏಳುವುದು ಇಂಥ ಹೊತ್ತಿನಲ್ಲಿ. ಫಲಕಗಳೇ ಕೆಟ್ಟರೆ ಬೂದಿ ನೇರವಾಗಿ ಹೊರಬೀಳುತ್ತದೆ. ಅಗಲವಾದ ಗೋಪುರಗಳಿಂದ ಏಳುವ ಬಿಳಿ ಮೋಡಕ್ಕೆ ಮಾತ್ರ ಅಂಜಬೇಕಿಲ್ಲ; ಅದು ಬಹುಪಾಲು ನೀರಿನ ಆವಿ. ಮಾನ್ವಿ ಕಡೆಯ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ಉರಿಸುವ ಬಾಯ್ಲರ್‌ಗಳಿಗೂ ಇದೇ ಮಾತು: ಉರಿ ಸರಿಯಾಗಿ ಹತ್ತದಿದ್ದರೆ ಮಸಿ ಹೆಚ್ಚು.

ಗುಳೆ ಹೋದವರು ತಿಳಿದಿರಬೇಕಾದದ್ದು

ದೇವದುರ್ಗ, ಮಾನ್ವಿ ತಾಲೂಕುಗಳಿಂದ ದುಡಿಯಲು ದೂರದ ಊರುಗಳಿಗೆ ಗುಳೆ ಹೋಗುವವರು ಬಹಳ. ಮಂಗಳೂರಿಗೆ ಹೋದವರು ಅಲ್ಲಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಾರ್ಖಾನೆಯ ಗೋಪುರದ ತುದಿಯ ಜ್ವಾಲೆಯನ್ನು ಕಂಡಿರಬಹುದು. ಅದು ಪ್ರೆಷರ್ ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದಂತೆ. ಒತ್ತಡ ಏರಿದಾಗ ಅನಿಲವನ್ನು ಹಾಗೆಯೇ ಬಿಡದೆ ಸುಟ್ಟುಬಿಡುತ್ತಾರೆ. ಒಮ್ಮೆಲೇ ಹೆಚ್ಚು ಅನಿಲ ಬಂದರೆ ಅದು ಪೂರ್ತಿ ಸುಡದೆ ಕಪ್ಪು ಮಸಿ ಏಳುತ್ತದೆ. ಗಂಧಕವುಳ್ಳ ಅನಿಲ ಸುಟ್ಟರೆ ಸಲ್ಫರ್ ಡೈಆಕ್ಸೈಡ್ ಉಂಟಾಗುತ್ತದೆ. ಉಬ್ಬಸವಿರುವವರಿಗೆ ಕೆಲವೇ ನಿಮಿಷಗಳಲ್ಲಿ ಎದೆ ಬಿಗಿಯುತ್ತದೆ.

ಸುಡದೆ ಸೋರುವ ಅನಿಲ ಇನ್ನೂ ಅಪಾಯಕಾರಿ. 2025ರ ಜುಲೈನಲ್ಲಿ ಅದೇ ಕಾರ್ಖಾನೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಸೋರಿ ಇಬ್ಬರು ಸಿಬ್ಬಂದಿ ಮೃತಪಟ್ಟರು. ಈ ಅನಿಲಕ್ಕೆ ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಹೆಚ್ಚಾದರೆ ಮೂಗು ಜಡವಾಗಿ ವಾಸನೆಯೇ ತಿಳಿಯುವುದಿಲ್ಲ. ವಾಸನೆ ನಿಂತಿತೆಂದು ಧೈರ್ಯ ತಾಳಬೇಡಿ. ನಮ್ಮ ಊರಿನ ಚರಂಡಿ, ಶೌಚದ ಗುಂಡಿಗಳಲ್ಲೂ ಇದೇ ಅನಿಲ ಕೂಡಿರುತ್ತದೆ. ಗುಂಡಿಗಿಳಿದವರು ಕುಸಿದರೆ ಅವರನ್ನು ಎತ್ತಲು ಹಾಗೆಯೇ ಇಳಿಯಬೇಡಿ, ಇಳಿದವರೂ ಕುಸಿಯುತ್ತಾರೆ. ಕೂಡಲೇ 112ಕ್ಕೆ ಕರೆ ಮಾಡಿ.

ಮನೆಯವರಿಗೆ ಕೆಲವು ಸೂಚನೆಗಳು

* ಬಾಗಿಲು, ಕಿಟಕಿ ಮುಚ್ಚಿ. ಕೂಲರ್ ಬಂದ್ ಮಾಡಿ. ಕೂಲರ್ ಹೊರಗಿನ ಗಾಳಿಯನ್ನೇ ಒಳಗೆ ಎಳೆಯುತ್ತದೆ.
* ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ರೂಢಿಯಿದ್ದರೆ ಆ ರಾತ್ರಿ ಒಳಗೇ ಮಲಗಿ. ಚಳಿಗಾಲದ ಬೆಳಗಿನ ಜಾವ ಹೊಗೆ ನೆಲದ ಬಳಿಯೇ ನಿಲ್ಲುತ್ತದೆ. ವಾಯುವಿಹಾರವನ್ನು ಬಿಸಿಲೇರಿದ ಮೇಲೆ ಇಟ್ಟುಕೊಳ್ಳಿ.
* ಬಿದ್ದ ಬೂದಿಯನ್ನು ಒಣ ಪೊರಕೆಯಿಂದ ಗುಡಿಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ.
* ಎನ್-95 ಮಾಸ್ಕ್ ಬೂದಿಯನ್ನು ತಡೆಯುತ್ತದೆ, ಅನಿಲವನ್ನು ತಡೆಯುವುದಿಲ್ಲ. ಅನಿಲ ಸೋರಿದರೆ, ಗಾಳಿ ಬೀಸುವ ದಿಕ್ಕಿಗೇ ಓಡದೆ ಅಡ್ಡಲಾಗಿ ದೂರ ಸರಿಯಿರಿ.
* ಉಬ್ಬಸದವರ ಇನ್ಹೇಲರ್ ಕೈಗೆ ಸಿಗುವಂತಿರಲಿ. ಮಕ್ಕಳು, ಗರ್ಭಿಣಿಯರು, ವೃದ್ಧರು, ಹೃದ್ರೋಗಿಗಳ ಮೇಲೆ ಹೆಚ್ಚಿನ ನಿಗಾ ಇರಲಿ.

ಅತಿಸೂಕ್ಷ್ಮ ಕಣಗಳು ಶ್ವಾಸಕೋಶ ದಾಟಿ ರಕ್ತಕ್ಕೂ ಸೇರುತ್ತವೆ. ಆದ್ದರಿಂದ ಹೊಗೆಯ ದಿನ ಎದೆನೋವು ಬಂದರೆ ಗ್ಯಾಸ್ ಎಂದು ತಳ್ಳಿಹಾಕಬೇಡಿ. ಕೆಲವು ಅನಿಲಗಳಿಂದ ಶ್ವಾಸಕೋಶದಲ್ಲಿ ನೀರು ತುಂಬುವುದು ಹಲವು ತಾಸು ಕಳೆದ ಮೇಲೆ. ಅನಿಲ ಕುಡಿದವರು ಈಗ ಚೆನ್ನಾಗಿದ್ದಾರೆಂದು ಮನೆಯಲ್ಲಿ ಮಲಗಿಸದೆ, ಆಸ್ಪತ್ರೆಗೆ ಕರೆದೊಯ್ಯಿರಿ. ತುರ್ತಿಗೆ 108 ಇದೆ.

ಇನ್ನೊಂದು ಕೆಲಸ ನಿಮ್ಮ ಕೈಯಲ್ಲೇ ಇದೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಹೊಗೆ ಎದ್ದ ದಿನ, ಗಂಟೆ, ಅದರ ಬಣ್ಣ, ಗಾಳಿಯ ದಿಕ್ಕು, ಮನೆಯಲ್ಲಿ ಯಾರಿಗೆ ಕೆಮ್ಮು ಬಂತು ಎಂಬುದನ್ನು ಬರೆದಿಡಿ. ರಾಯಚೂರಿನಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ದೂರು ಕೊಡುವಾಗ ‘ಯಾವಾಗಲೂ ಹೊಗೆ’ ಎಂದು ಬರೆದರೆ ಅವರಿಗೆ ಹಿಡಿತ ಸಿಗುವುದಿಲ್ಲ. ತಾರೀಖು, ಗಂಟೆ ಇದ್ದರೆ ಕಾರ್ಖಾನೆಯ ದಾಖಲೆಯೊಡನೆ ತಾಳೆ ನೋಡಬಹುದು. ಅದೇ ಟಿಪ್ಪಣಿ ನಿಮ್ಮ ವೈದ್ಯರಿಗೂ ಉಪಯೋಗಕ್ಕೆ ಬರುತ್ತದೆ.