ಉತ್ಸಾಹವೂ ರೋಗವಾಗಬಲ್ಲುದು

ಮನೆಯಲ್ಲಿ ಒಬ್ಬರು ಊಟ ಬಿಟ್ಟು, ಮಾತು ಬಿಟ್ಟು ಮೂಲೆ ಹಿಡಿದು ಕುಳಿತರೆ ಹಿರಿಯರ ಗಮನ ಬೇಗನೆ ಅತ್ತ ಹರಿಯುತ್ತದೆ. ಆದರೆ ಅದೇ ವ್ಯಕ್ತಿ ನಾಲ್ಕಾರು ರಾತ್ರಿ ನಿದ್ರೆಯಿಲ್ಲದೆಯೂ ದಣಿಯದೆ ಓಡಾಡುತ್ತ, ಹೊಸ ಹೊಸ ಕಾರ್ಯಗಳನ್ನು ಕೈಗೆತ್ತಿಕೊಳ್ಳುತ್ತ, ಎಲ್ಲರೊಡನೆ ನಗುನಗುತ್ತ ಮಾತನಾಡುತ್ತಿದ್ದರೆ ಅದನ್ನು ರೋಗವೆಂದು ಭಾವಿಸುವವರು ವಿರಳ. 'ಹುಡುಗ ಈಗ ಚುರುಕಾದ' ಎಂದು ಸಂತೋಷಪಡುವವರೇ ಹೆಚ್ಚು. ವೈದ್ಯರು ಬೈಪೋಲಾರ್ ಡಿಸಾರ್ಡರ್ ಎಂದು ಕರೆಯುವ, ಕನ್ನಡದಲ್ಲಿ ದ್ವಿಧ್ರುವ ಮನೋರೋಗವೆನ್ನಬಹುದಾದ ವ್ಯಾಧಿಯು ವರ್ಷಗಟ್ಟಲೆ ಗುರುತಿಲ್ಲದೆ ಉಳಿಯುವುದಕ್ಕೆ ಇದೊಂದು ಮುಖ್ಯ ಕಾರಣ.

ಈ ರೋಗಕ್ಕೆ ಎರಡು ತುದಿಗಳು: ಒಂದು ಉನ್ಮಾದ, ಇನ್ನೊಂದು ಖಿನ್ನತೆ. ನಡುವಣ ಕಾಲದಲ್ಲಿ ರೋಗಿಯು ಎಲ್ಲರಂತೆಯೇ ಇರಬಹುದು. ಬೆಳಿಗ್ಗೆ ನಗು, ಸಂಜೆ ಮುನಿಸು ಎಂಬ ದಿನನಿತ್ಯದ ಏರಿಳಿತವನ್ನು ಈ ಹೆಸರಿನಿಂದ ಕರೆಯಲಾಗದು. ಉನ್ಮಾದವೆನ್ನಲು ಸಾಮಾನ್ಯವಾಗಿ ಒಂದು ವಾರವಾದರೂ, ಖಿನ್ನತೆಯೆನ್ನಲು ಎರಡು ವಾರಗಳಾದರೂ ಆ ಸ್ಥಿತಿ ಹೆಚ್ಚುಕಡಿಮೆ ಪ್ರತಿದಿನವೂ ಇರಬೇಕೆಂಬುದು ವೈದ್ಯರ ಅಳತೆಗೋಲು. ಬಹುತೇಕ ಮಂದಿಗೆ ಇದು ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಪ್ರಾಯದಲ್ಲಿ ಕಾಣಿಸಿಕೊಳ್ಳುತ್ತದೆ. ವಂಶದ ಪಾತ್ರ ಇದರಲ್ಲಿ ದೊಡ್ಡದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಇನ್ನೂರು ವಯಸ್ಕರಲ್ಲಿ ಸುಮಾರು ಒಬ್ಬರು ಜೀವಮಾನದಲ್ಲಿ ಒಮ್ಮೆಯಾದರೂ ಈ ವ್ಯಾಧಿಗೆ ಒಳಗಾಗಿದ್ದರು; ರೋಗಿಗಳಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಒಂದು ಮನೆಯ ಚಿತ್ರವನ್ನು ಕಲ್ಪಿಸಿಕೊಳ್ಳೋಣ. ತಂದೆಯ ದಲಾಲಿ ಅಂಗಡಿಯನ್ನು ನೋಡಿಕೊಳ್ಳುವ ಇಪ್ಪತ್ತೈದರ ಯುವಕ. ಎರಡು ವರ್ಷಗಳ ಹಿಂದೆ ಮೂರು ತಿಂಗಳು ಮಂಕಾಗಿದ್ದ, ತಾನಾಗಿಯೇ ಸರಿಹೋದ. ಈಗ ರಾತ್ರಿ ಎರಡು ಗಂಟೆ ಮಲಗಿದರೂ ಸಾಕೆನ್ನುತ್ತಾನೆ. ಮಾತು ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ನಡುವೆ ಬಾಯಿ ಹಾಕಲು ಎಡೆಯಿಲ್ಲ. ತಿಂಗಳೊಳಗೆ ಜಿಲ್ಲೆಗೇ ದೊಡ್ಡ ವ್ಯಾಪಾರಿಯಾಗುವೆನೆಂದು ಸಾಲ ಎತ್ತುತ್ತಾನೆ, ಕಂಡಕಂಡವರಿಗೆ ಕೈಬಿಚ್ಚಿ ಕೊಡುತ್ತಾನೆ. ತಡೆದರೆ ಎಂದೂ ಎದುರಾಡದವನು ತಂದೆಯ ಮೇಲೆಯೇ ಎರಗುತ್ತಾನೆ. ಇಲ್ಲಿ ಗಮನಿಸಬೇಕಾದ ಗುರುತು ನಿದ್ರೆ. ನಿದ್ರೆ ಬಾರದೆ ಸೊರಗುವುದು ಬೇರೆ, ನಿದ್ರೆಯ ಅಗತ್ಯವೇ ಇಲ್ಲವೆಂಬಂತೆ ಲವಲವಿಕೆಯಿಂದಿರುವುದು ಬೇರೆ. ಎರಡನೆಯದು ಉನ್ಮಾದದ ಮುನ್ಸೂಚನೆ. ಅನೇಕರಲ್ಲಿ ಉಳಿದೆಲ್ಲ ಲಕ್ಷಣಗಳಿಗಿಂತ ಮೊದಲು ಕಾಣುವುದೂ ಅದೇ.

ಈ ಸ್ಥಿತಿಯು ಧಾರ್ಮಿಕ ವೇಷವನ್ನೂ ತೊಡುವುದುಂಟು. ತನಗೆ ದೈವದ ಅಪ್ಪಣೆಯಾಗಿದೆಯೆನ್ನುವುದು, ಇರುಳೆಲ್ಲ ಪೂಜೆಯಲ್ಲಿ ಕೂರುವುದು, ಹೊಲಮನೆಗಳನ್ನು ದಾನ ಮಾಡಹೊರಡುವುದು. ಮನೆಯವರು ಇದನ್ನು ಭಕ್ತಿಯ ಪರಾಕಾಷ್ಠೆಯೆಂದೋ, ಗಾಳಿ ಸೋಂಕಿದೆಯೆಂದೋ ತಿಳಿದು ತಿಂಗಳುಗಳನ್ನು ಕಳೆಯುತ್ತಾರೆ. ಸಾಧಕನ ಮನಸ್ಸು ಸಾಧನೆಯಿಂದ ನಿಲುಗಡೆಗೆ ಬರುತ್ತದೆ. ಈತನ ಮನಸ್ಸಿಗೆ ನಿಲುಗಡೆಯೇ ಇಲ್ಲ. ಮಠದ ಅಂಗಳದಲ್ಲಿ ಓದಿ ಬೆಳೆದವನಾಗಿ ಹೇಳಲು ನನಗೆ ಸಂಕೋಚವಿಲ್ಲ: ಪ್ರಸಾದಕ್ಕೂ ಗುಳಿಗೆಗೂ ವೈರವಿಲ್ಲ. ಜ್ವರಕ್ಕೆ ಔಷಧ ಕೊಡುವಾಗ ಯಾರೂ ಕೇಳದ ಪ್ರಶ್ನೆಯನ್ನು ಮನಸ್ಸಿನ ರೋಗಕ್ಕೆ ಮಾತ್ರ ಏಕೆ ಕೇಳಬೇಕು?

ವೈದ್ಯರ ಬಳಿಗೆ ಹೋದಾಗಲೂ ಒಂದು ಅಪಾಯವಿದೆ. ಜನರು ಸಾಮಾನ್ಯವಾಗಿ ಹೋಗುವುದು ಖಿನ್ನತೆಯ ಕಾಲದಲ್ಲಿ. ಹಿಂದಿನ ಉತ್ಸಾಹದ ದಿನಗಳನ್ನು ಹೇಳುವುದೇ ಇಲ್ಲ. ಆಗ ವೈದ್ಯರು ಬರಿಯ ಖಿನ್ನತೆಯೆಂದು ಭಾವಿಸಿ ಖಿನ್ನತೆ ನಿವಾರಕ ಗುಳಿಗೆಯೊಂದನ್ನೇ ಕೊಟ್ಟರೆ, ಅದು ಕೆಲವರನ್ನು ಉನ್ಮಾದದ ತುದಿಗೆ ತಳ್ಳಬಹುದು. ಆದುದರಿಂದ ಜೊತೆಗೆ ಹೋದವರು ಹಳೆಯದನ್ನೆಲ್ಲ ಬಿಚ್ಚಿ ಹೇಳಬೇಕು: ನಿದ್ರೆ ಬಿಟ್ಟ ದಿನಗಳು, ವಿಪರೀತ ಖರ್ಚು, ಮನೆತನದಲ್ಲಿ ಇಂಥವರು ಯಾರಾದರೂ ಇದ್ದರೇ ಎಂಬುದು. ಸಾಯುವ ಮಾತು ಆಡಿದ್ದರೆ ಅದನ್ನು ಮೊದಲು ಹೇಳಬೇಕು. ಈ ರೋಗದಲ್ಲಿ ಆತ್ಮಹತ್ಯೆಯ ಅಪಾಯ ಸಾಮಾನ್ಯರಿಗಿಂತ ಹಲವು ಪಟ್ಟು ಹೆಚ್ಚು.

ಔಷಧಗಳಲ್ಲಿ ಹಿರಿಯದು ಲಿಥಿಯಂ. ಅದು ಭೂಮಿಯಲ್ಲಿ ದೊರೆಯುವ ಧಾತು. ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಉನ್ಮಾದದ ಹತ್ತು ರೋಗಿಗಳಿಗೆ ಅದರ ಲವಣವನ್ನು ಕೊಟ್ಟು ಗುಣ ಕಂಡುದನ್ನು ಪ್ರಕಟಿಸಿದರು. ಡೆನ್ಮಾರ್ಕಿನ ಮೊಗೆನ್ಸ್ ಶೌ ಮತ್ತವರ ಸಂಗಡಿಗರು 1954ರಿಂದ ಮುಂದೆ ಅದನ್ನು ಕ್ರಮವಾಗಿ ಪರೀಕ್ಷಿಸಿದರು. ಇಂದಿಗೂ ರೋಗ ಮರುಕಳಿಸದಂತೆ ತಡೆಯುವ ಉತ್ತಮ ಔಷಧಗಳಲ್ಲಿ ಅದು ಒಂದು. ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವ ಗುಣವೂ ಅದಕ್ಕಿದೆಯೆಂದು ವೈದ್ಯರು ಪರಿಗಣಿಸುತ್ತಾರೆ. ಆದರೆ ಅದರ ಹದ ಬಹಳ ಕಿರಿದು. ರಕ್ತದಲ್ಲಿ ಅದರ ಪ್ರಮಾಣವನ್ನು ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ನಡುವೆ ಇಡುತ್ತಾರೆ, 1.5 ದಾಟಿತೆಂದರೆ ವಿಷವಾಗತೊಡಗುತ್ತದೆ. ಅದಕ್ಕಾಗಿಯೇ ಆಗಾಗ್ಗೆ ರಕ್ತಪರೀಕ್ಷೆ, ಜೊತೆಗೆ ಮೂತ್ರಪಿಂಡ ಹಾಗೂ ಥೈರಾಯ್ಡ್ ಪರೀಕ್ಷೆ.

ನಮ್ಮ ಮನೆಗಳವರು ಇಲ್ಲಿ ಒಂದು ಮಾತನ್ನು ವಿಶೇಷವಾಗಿ ತಿಳಿಯಬೇಕು. ದೇಹದಲ್ಲಿ ನೀರು ಅಥವಾ ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ವಾಂತಿ ಭೇದಿ, ಬೇಸಿಗೆಯ ಬೆವರು, ಉಪ್ಪು ಬಿಟ್ಟ ಪಥ್ಯ, ನೀರೂ ಮುಟ್ಟದ ಉಪವಾಸ ಇವೆಲ್ಲ ಅಪಾಯಕ್ಕೆ ದಾರಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಗುಳಿಗೆಗಳೂ ಹಾಗೆಯೇ. ಕೈನಡುಕ ಹೆಚ್ಚಾಗಿ, ನಡಿಗೆ ತೂರಾಡಿ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಶಿವರಾತ್ರಿಯ ಜಾಗರಣೆಯೂ ಈ ರೋಗಿಗಳಿಗೆ ಹೇಳಿದ್ದಲ್ಲ. ನಿದ್ರೆಗೆಟ್ಟ ಒಂದು ರಾತ್ರಿಯೇ ಉನ್ಮಾದಕ್ಕೆ ಕಿಡಿಯಾಗಬಹುದು. ಅಂಥವರು ಸಂಜೆಯ ಪೂಜೆ ಮುಗಿಸಿ, ಫಲಾಹಾರ ಸ್ವೀಕರಿಸಿ, ಗುಳಿಗೆ ನುಂಗಿ ಮಲಗಲಿ. ಶಿವನು ಅದರಿಂದ ಮುನಿಯುವನೆಂದು ನಾನಂತೂ ನಂಬಲಾರೆ.

ಮದುವೆ ಮಾಡಿದರೆ ಸರಿಹೋಗುತ್ತದೆಂದು ರೋಗವನ್ನು ಮುಚ್ಚಿಟ್ಟು ಲಗ್ನ ಮಾಡುವುದು ಎರಡು ಮನೆಗಳಿಗೂ ಮಾಡುವ ಅನ್ಯಾಯ. ರೋಗವುಳ್ಳವರು ಮದುವೆಯಾಗಬಾರದೆಂದು ಇದರ ಅರ್ಥವಲ್ಲ. ಚಿಕಿತ್ಸೆಯಲ್ಲಿದ್ದು ಸಂಸಾರ ನಡೆಸುವವರು ಬಹಳ ಮಂದಿ ಇದ್ದಾರೆ. ಹೆಣ್ಣುಮಕ್ಕಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಇದೇ ರೋಗಕ್ಕೆ ಬಳಸುವ ವ್ಯಾಲ್‌ಪ್ರೊಯೇಟ್ ಎಂಬ ಔಷಧವು ಗರ್ಭಸ್ಥ ಶಿಶುವಿಗೆ ಹಾನಿಕರ. ಮಕ್ಕಳಾಗುವ ವಯಸ್ಸಿನವರಿಗೆ ಅದು ತಕ್ಕುದಲ್ಲ. ಗರ್ಭ ಧರಿಸುವ ಮೊದಲೇ ವೈದ್ಯರೊಡನೆ ಸಮಾಲೋಚಿಸಬೇಕು, ತಾವಾಗಿಯೇ ಗುಳಿಗೆ ನಿಲ್ಲಿಸಲೂಬಾರದು. ಹೆರಿಗೆಯ ನಂತರದ ಮೊದಲ ವಾರಗಳಲ್ಲಿ ಈ ರೋಗ ಉಲ್ಬಣಿಸುವ ಸಂಭವ ಹೆಚ್ಚು. ನಮ್ಮ ಅಜ್ಜಿಯರು ಬಾಣಂತಿ ಸನ್ನಿಯೆಂದು ಕರೆದ ಸ್ಥಿತಿಗಳಲ್ಲಿ ಹಲವು ಇದೇ ರೋಗದ ರೂಪಗಳು.

ಗುಣವಾಯಿತೆಂದು ಔಷಧ ಬಿಡುವುದೇ ಮರುಕಳಿಕೆಗೆ ದೊಡ್ಡ ಕಾರಣ. ಗುಣವಾದದ್ದು ಔಷಧದ ಬಲದಿಂದ ಎಂಬುದು ರೋಗಿಗೂ ಮನೆಯವರಿಗೂ ಬೇಗ ಮರೆತುಹೋಗುತ್ತದೆ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಇವರಲ್ಲಿ ಹತ್ತಿರದವರನ್ನು ಕಾಣಬಹುದು. 2022ರ ಅಕ್ಟೋಬರಿನಿಂದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆಯೂ ಇದೆ. 14416 ಸಂಖ್ಯೆಗೆ ಹಗಲಿರುಳು ಕನ್ನಡದಲ್ಲಿಯೇ ಮಾತನಾಡಬಹುದು.

ಉನ್ಮಾದದಲ್ಲಿರುವವರೊಡನೆ ವಾದಕ್ಕಿಳಿದು ಪ್ರಯೋಜನವಿಲ್ಲ. ದನಿ ತಗ್ಗಿಸಿ ಮಾತನಾಡಿ, ಬಂಧುಗಳ ಜಾತ್ರೆಯನ್ನು ಮನೆಯಿಂದ ದೂರವಿಟ್ಟು, ಬೇಗ ವೈದ್ಯರ ಬಳಿಗೆ ಕರೆದೊಯ್ಯಬೇಕು. ಕಟ್ಟಿಹಾಕುವುದು ಸಲ್ಲದು, ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ನಿಷೇಧಿಸಿದೆ. ಅದೇ ಕಾಯಿದೆಯು ರೋಗಿಗೆ ಒಂದು ಹಕ್ಕನ್ನೂ ಕೊಟ್ಟಿದೆ. ಸ್ವಸ್ಥನಾಗಿರುವಾಗಲೇ, ಮುಂದೆ ರೋಗ ಬಂದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ನಿರ್ಧರಿಸಬೇಕು ಎಂಬುದನ್ನು ಆತನು ಬರೆದಿಡಬಹುದು. ಚೆಕ್ ಪುಸ್ತಕ ಯಾರ ಕೈಯಲ್ಲಿರಬೇಕು, ಸಾಲದ ಪತ್ರಕ್ಕೆ ಸಹಿ ಹಾಕುವ ಮೊದಲು ಯಾರನ್ನು ಕೇಳಬೇಕು ಎಂಬಂಥ ಮನೆಯ ಮಾತುಗಳನ್ನೂ ಅದೇ ದಿನ ಕೂತು ತೀರ್ಮಾನಿಸಿಕೊಂಡರೆ ಒಳಿತು.