ಮೊದಲು ಮಂಕು, ಆಮೇಲೆ ಮಿಂಚು

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿಗೆ ಬೇಕಾದ್ದೆಲ್ಲ ಸಿಗುತ್ತದೆ, ಬೇಡವಾದ್ದೂ ಸಿಗುತ್ತದೆ. ಸೀಟ್ ಕವರ್, ಹಾರ್ನ್, ಸ್ಟಿಕ್ಕರ್ ಮಾರುವ ಅಂಗಡಿಗಳ ಬೆನ್ನಿಗೆ ಗಲ್ಲಿಗಳಿವೆ. ಟಿಂಕರಿಂಗ್, ಪೇಂಟಿಂಗ್ ಕೆಲಸ ನಡೆಯುವುದು ಅಲ್ಲಿ. ನಾನು ಹೊಕ್ಕ ಶೆಡ್ಡಿಗೆ ಹೆಸರಿನ ಬೋರ್ಡಿಲ್ಲ. ಸ್ಪ್ರೇ ಗನ್ ಸರಿಯಿದೆಯೇ ಎಂದು ತಗಡಿನ ಗೇಟಿನ ಮೇಲೆ ಹೊಡೆದು ನೋಡಿದ ಬಣ್ಣದ ಮಚ್ಚೆಗಳೇ ಗುರುತು.

ಒಳಗೆ ಕಾಲಿಟ್ಟರೆ ಮೊದಲು ಸುತ್ತಿಗೆಯ ಸದ್ದು, ಆಮೇಲೆ ಪುಟ್ಟಿ ಉಜ್ಜುವ ಧೂಳು. ಎರಡನ್ನೂ ಬೇಗ ದಾಟಿಬಿಡೋಣ. ಹಿಂಭಾಗದಲ್ಲಿ ದಪ್ಪ ಪ್ಲಾಸ್ಟಿಕ್ ಪರದೆ ಇಳಿಬಿಟ್ಟ ಜಾಗವೇ ಇವರ ಪೇಂಟ್ ಬೂತ್. ಧೂಳೇಳದಿರಲೆಂದು ಬಣ್ಣ ಹೊಡೆಯುವ ಮುಂಚೆ ನೆಲಕ್ಕೆ ನೀರು ಚಿಮುಕಿಸುತ್ತಾರೆ. ಮೊದಲು ಬೇಸ್ ಕೋಟ್. ಬಣ್ಣ ಇರುವುದು ಇದರಲ್ಲಿ, ಆದರೆ ಒಣಗಿದ ಮೇಲೆ ಇದಕ್ಕೆ ಹೊಳಪಿಲ್ಲ. ಹೊಳಪು ಬರುವುದು ಅದರ ಮೇಲೆ ಹೊಡೆಯುವ, ಬಣ್ಣವೇ ಇಲ್ಲದ ಕ್ಲಿಯರ್‌ನಿಂದ. ಇಲ್ಲಿ ಎರಡು ಪಾಲು ಕ್ಲಿಯರ್‌ಗೆ ಒಂದು ಪಾಲು ಹಾರ್ಡನರ್ ಬೆರೆಸುತ್ತಾರೆ. ಕಂಪನಿ ಬದಲಾದರೆ ಅಳತೆಯೂ ಬದಲು.

ಆ ಹಾರ್ಡನರ್‌ನಲ್ಲಿ ಐಸೊಸೈನೇಟ್ ಇರುತ್ತದೆ, ಉಸಿರಿನೊಂದಿಗೆ ಒಳಹೋದರೆ ಆಸ್ತಮಾ ತರಿಸುವ ವಸ್ತು. ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ಒದಗಿಸುವ ಮಾಸ್ಕ್ ಹಾಕಿಕೊಂಡೇ ಹೊಡೆಯಬೇಕು. ಇಲ್ಲಿ ಕರ್ಚೀಫು ಕಟ್ಟಿಕೊಳ್ಳುತ್ತಾರೆ. ಸುಮ್ಮನಿರಲಾಗದೆ ಕೇಳಿದ್ದಕ್ಕೆ ‘ಅಭ್ಯಾಸ ಆಗೋಗಿದೆ ಸಾರ್’ ಎಂಬ ಉತ್ತರ ಬಂತು. ಮೈ ಇದಕ್ಕೆ ಅಭ್ಯಾಸವಾಗುವುದಿಲ್ಲ. ಒಮ್ಮೆ ಒಗ್ಗದೆ ಹೋದರೆ ಮುಂದೆ ಚೂರು ಸೋಕಿದರೂ ಎದೆ ಕಟ್ಟುತ್ತದೆ.

ನಾನು ಬಂದದ್ದು ಮೂಲೆಯ ಸ್ಟ್ಯಾಂಡಿನ ಮೇಲಿದ್ದ ಕಪ್ಪು ಬಾನೆಟ್ ನೋಡಲು. ಹಿಂದಿನ ದಿನ ಕ್ಲಿಯರ್ ಹೊಡೆದಿದ್ದು, ರಾತ್ರಿಯಿಡೀ ಒಣಗಿದೆ. ನನ್ನ ಕಣ್ಣಿಗೆ ಮಿರಮಿರ ಮಿಂಚುತ್ತಿತ್ತು. ಮೇಸ್ತ್ರಿ ತಲೆಯ ಮೇಲಿನ ಟ್ಯೂಬ್‌ಲೈಟ್ ತೋರಿಸಿ, ‘ಅದು ಇದರ ಮೇಲೆ ಹೆಂಗೆ ಕಾಣ್ತದೆ, ಬಗ್ಗಿ ನೋಡಿ’ ಅಂದರು. ಬಗ್ಗಿದೆ. ನೆಟ್ಟಗಿರಬೇಕಾದ ಟ್ಯೂಬ್‌ಲೈಟಿನ ಅಂಚೆಲ್ಲ ಸುಕ್ಕುಸುಕ್ಕು. ಗನ್ನಿನಿಂದ ಬಿದ್ದ ಹನಿಗಳು ಒಂದಕ್ಕೊಂದು ಸೇರಿ ಸಮನಾಗುವ ಮೊದಲೇ ಬಿಗಿದುಕೊಂಡರೆ ಮೇಲ್ಮೈ ಹೀಗೆ ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿಯಾಗುತ್ತದೆ. ಜೊತೆಗೆ ಅಲ್ಲಲ್ಲಿ ಧೂಳಿನ ಕಣ. ಒಂದು ಅಂಚಿನಲ್ಲಿ, ಪಾಪ, ರೆಕ್ಕೆ ಬಿಚ್ಚಿದಂತೆಯೇ ಸಿಕ್ಕಿಕೊಂಡ ಸೊಳ್ಳೆ.

ಇಷ್ಟು ಮಿಂಚುವುದನ್ನು ಉಜ್ಜಿ ಮಂಕು ಮಾಡುವುದೇ ಮುಂದಿನ ಕೆಲಸ. ಬಕೆಟ್ ನೀರಿಗೆ ಒಂದಿಷ್ಟು ಶಾಂಪೂ ಹಾಕಿ ವಾಟರ್ ಪೇಪರ್ ನೆನೆಸಿದ್ದರು: 1500, 2000, 2500 ನಂಬರಿನವು. ನಂಬರ್ ಏರಿದಂತೆ ಪೇಪರಿನ ಹರಳು ಸಣ್ಣದಾಗುತ್ತದೆ. 1500ರಲ್ಲಿ ಅದು ಸರಾಸರಿ 12-13 ಮೈಕ್ರಾನ್, 2500ರಲ್ಲಿ 8 ಚಿಲ್ಲರೆ. ಬರಿಗೈಯಲ್ಲಿ ಹಿಡಿದು ಉಜ್ಜಿದರೆ ಬೆರಳೊತ್ತಿದ ಕಡೆ ಗೆರೆ ಆಳವಾಗುತ್ತದೆ. ಅದಕ್ಕೇ ಪೇಪರನ್ನು ರಬ್ಬರ್ ಬ್ಲಾಕಿಗೆ ಸುತ್ತಿಕೊಳ್ಳುತ್ತಾರೆ. 1500ರಲ್ಲಿ ಉದ್ದಕ್ಕೆ ಉಜ್ಜಿದರೆ 2000ರಲ್ಲಿ ಓರೆಗೆ; ಹಿಂದಿನ ನಂಬರಿನ ಗೆರೆ ಉಳಿದಿದ್ದರೆ ಅಡ್ಡವಾಗಿ ಎದ್ದು ಕಂಡು ಸಿಕ್ಕಿಬೀಳುತ್ತದೆ.

ಸ್ವಲ್ಪ ಉಜ್ಜುವುದು, ರಬ್ಬರ್ ಪಟ್ಟಿಯಿಂದ ನೀರೆಳೆಯುವುದು, ಬಗ್ಗಿ ನೋಡುವುದು. ಈ ನೋಡುವುದರಲ್ಲೇ ಕಸುಬು ಇದೆ. ಉಬ್ಬುಗಳ ತಲೆ ಸವೆದು ಬೂದು ಬಣ್ಣವಾಗಿರುತ್ತದೆ. ಪೇಪರ್ ಮುಟ್ಟದ ತಗ್ಗುಗಳು ಇನ್ನೂ ಚುಕ್ಕಿಚುಕ್ಕಿಯಾಗಿ ಹೊಳೆಯುತ್ತಿರುತ್ತವೆ. ಚುಕ್ಕಿ ಕರಗಿದಂತೆ ಬಾನೆಟ್ ಸಮನಾಗುತ್ತಿದೆ ಎಂದರ್ಥ. ಕೊನೆಗೆ ನಾಲ್ಕಾರು ಚುಕ್ಕಿ ಉಳಿದಿರುವಾಗಲೇ ಮೇಸ್ತ್ರಿ ಕೈ ತೆಗೆದರು. ಪಕ್ಕದಲ್ಲಿದ್ದ ಹುಡುಗ, ‘ಇನ್ನೂ ಐತಲ್ಲ ಅಣ್ಣಾ’ ಅಂದ. ‘ಅದನ್ನ ತೆಗೆಯೋಕೆ ಹೋದ್ರೆ ಕ್ಲಿಯರೇ ಹೋಗ್ತದೆ, ಬಿಡು.’

ಎಷ್ಟು ಹೋಗುತ್ತಿದೆ ಎಂಬುದಕ್ಕೆ ಇವರ ಬಳಿ ಮೀಟರಿಲ್ಲ. ಹರಿಯುವ ನೀರೇ ಮೀಟರು. ನೀರು ಬೆಳ್ಳಗಿದ್ದರೆ ಸವೆಯುತ್ತಿರುವುದು ಕ್ಲಿಯರ್. ಕಪ್ಪು ಕಂಡಿತೋ, ಪೇಪರ್ ಬಣ್ಣಕ್ಕೆ ಇಳಿಯಿತು. ಆಮೇಲೆ ಪಾಲಿಶ್ ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ, ಬಾನೆಟ್ ಮತ್ತೆ ಬೂತಿಗೆ ಹೋಗಬೇಕು.

ಬಕೆಟ್ಟಿನಲ್ಲಿದ್ದ ಆ ಪೇಪರ್ ಹೆಸರು ಮಾಡಿದ್ದೇ ಕಾರಿನ ಶೆಡ್ಡುಗಳಲ್ಲಿ. ಒಣ ಪೇಪರಿನಲ್ಲಿ ಉಜ್ಜಿ ಸೀಸದ ಬಣ್ಣದ ಧೂಳು ಕುಡಿಯುತ್ತಿದ್ದ ಕಾಲದಲ್ಲಿ, ನೀರಲ್ಲಿ ನೆನೆದರೂ ಹರಳು ಬಿಡದ ಪೇಪರನ್ನು ಫ್ರಾನ್ಸಿಸ್ ಓಕಿ ರೂಪಿಸಿದ. ಅಮೆರಿಕದ 3ಎಂ ಕಂಪನಿ 1921ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಈ ಪೇಪರ್ ಹಿಡಿದು ಸೇಂಟ್ ಪಾಲ್ ನಗರದ ಪೇಂಟ್ ಶೆಡ್ಡುಗಳಿಗೆ ಹೋಗುತ್ತಿದ್ದ ರಿಚರ್ಡ್ ಡ್ರೂ ಎಂಬ ನೌಕರ ಅಲ್ಲಿ ಪೇಂಟರುಗಳ ಬೈಗುಳ ಕೇಳಿಸಿಕೊಂಡ. ಎರಡು ಬಣ್ಣದ ಕಾರುಗಳ ಫ್ಯಾಷನ್ ಆಗ. ಗಡಿಯಲ್ಲಿ ಅಂಟಿಸಿದ ಕಾಗದ ಕಿತ್ತರೆ ಬಣ್ಣವೂ ಕಿತ್ತು ಬರುತ್ತಿತ್ತು. 1925ರಲ್ಲಿ ಅವನ ಮಾಸ್ಕಿಂಗ್ ಟೇಪ್ ಬಂತು. ಈ ಬಾನೆಟ್ಟಿನ ಅಂಚಿಗೂ ಅದೇ ಜಾತಿಯ ಟೇಪು ಸುತ್ತಿದ್ದಾರೆ. ಅಂಚಿನಲ್ಲಿ ಕ್ಲಿಯರ್ ತೆಳು, ಒತ್ತಡ ಹೆಚ್ಚು. ಮೊದಲು ಹರಿಯುವುದು ಅಲ್ಲೇ.

ಒರೆಸಿ ನಿಲ್ಲಿಸಿದಾಗ ಬಾನೆಟ್ ಸ್ಲೇಟಿನಷ್ಟು ಮಂಕಾಗಿತ್ತು. ಗಾಡಿಯ ಮಾಲೀಕ ಈ ಹೊತ್ತಿಗೆ ಬಂದರೆ ಜಗಳವೇ ಆಗುತ್ತದಂತೆ.

ಬಫಿಂಗ್ ಮೆಷಿನ್ ಸುರುವಾಯಿತು. ಉಣ್ಣೆಯ ಪ್ಯಾಡ್, ಅದಕ್ಕೆ ರಬ್ಬಿಂಗ್ ಕಾಂಪೌಂಡ್. ವೇಗ ನಿಮಿಷಕ್ಕೆ 1200ರಿಂದ 1500 ಸುತ್ತು. ಮೆಷಿನ್ ಒಂದೇ ಕಡೆ ನಿಂತರೆ ಕ್ಲಿಯರ್ ಬಿಸಿಯಾಗಿ ಸುಟ್ಟುಹೋಗುತ್ತದೆ. ಮೇಸ್ತ್ರಿ ಆಗಾಗ ಅಂಗೈ ಹಿಂಭಾಗ ತಾಗಿಸಿ ಬಿಸಿ ನೋಡುತ್ತಾರೆ. ಅಂಚಿನ ಹತ್ತಿರ ಪ್ಯಾಡ್ ಒಳಗಿನಿಂದ ಹೊರಕ್ಕೆ ಸುತ್ತಿ ಜಾರುವಂತೆ ಹಿಡಿಯುತ್ತಾರೆ, ಅಂಚಿಗೆದುರಾಗಿ ಬಿಡುವುದಿಲ್ಲ. ಇಲ್ಲಿ ಮೆಷಿನ್ ಹೊಸದಾಗಿ ಏನನ್ನೂ ಬಳಿಯುತ್ತಿಲ್ಲ. ಪೇಪರ್ ಎಳೆದ ಗೆರೆಗಳನ್ನು ಇನ್ನೂ ಸಣ್ಣದು ಮಾಡುತ್ತಿದೆ. ಬೆಳಕಿನ ಅಲೆಯುದ್ದವೇ ಅರ್ಧ ಮೈಕ್ರಾನಿನ ಆಸುಪಾಸು. ಉಳಿದ ಒರಟು ಅದಕ್ಕಿಂತ ತೀರಾ ಸಣ್ಣದಾದರೆ ಬೆಳಕು ಚದುರದೆ ನೇರ ಹಿಂದಿರುಗುತ್ತದೆ. ಟ್ಯೂಬ್‌ಲೈಟ್ ಈಗ ನೆಟ್ಟಗೆ ಕಂಡಿತು.

ಅಷ್ಟಕ್ಕೇ ಮೇಸ್ತ್ರಿ ಒಪ್ಪಲಿಲ್ಲ. ಬಾನೆಟ್ಟನ್ನು ಬಿಸಿಲಿಗೆ ಹೊರಿಸಿದರು. ಉಣ್ಣೆ ಬಿಟ್ಟ ಸುರುಳಿ ಗೀರುಗಳು ನೆರಳಲ್ಲಿ ಅಡಗಿ ಬಿಸಿಲಲ್ಲಿ ಎದ್ದುಬರುತ್ತವೆ, ಕಪ್ಪು ಬಣ್ಣದಲ್ಲಂತೂ ಇನ್ನೂ ಹೆಚ್ಚು. ಮತ್ತೆ ಫೋಮ್ ಪ್ಯಾಡ್, ನಯವಾದ ಪಾಲಿಶ್, ಇನ್ನೊಂದು ಸುತ್ತು. ಅವಸರದ ಶೆಡ್ಡುಗಳು ಈ ಹಂತ ಬಿಟ್ಟು, ವ್ಯಾಕ್ಸ್ ಸವರಿ ಗಾಡಿ ಕೊಟ್ಟುಬಿಡುತ್ತವೆ. ಗೀರು ತಾತ್ಕಾಲಿಕವಾಗಿ ಮುಚ್ಚುತ್ತದೆ, ಕೆಲವು ವಾಶ್ ಆದ ಮೇಲೆ ಮತ್ತೆ ಎದುರಿಗೆ.

ಕಾರ್ಖಾನೆಯಿಂದ ಬಂದ ಕಾರಿನ ಮೇಲೆ ಕ್ಲಿಯರ್ ಸುಮಾರು 40-50 ಮೈಕ್ರಾನ್ ಇರುತ್ತದೆ, ತಲೆಗೂದಲಿಗಿಂತ ತೆಳು. ಬಿಸಿಲಿನ ನೇರಳಾತೀತ ಕಿರಣವನ್ನು ತಡೆಯುವ ಅಂಶ ಇರುವುದೂ ಅದರಲ್ಲೇ. ಪದರ ತೀರಾ ತೆಳುವಾದರೆ ಬಾನೆಟ್ ಬಿಳಿಚಿಕೊಂಡು ಸಿಪ್ಪೆ ಏಳುತ್ತದೆ; ರಸ್ತೆಯಲ್ಲಿ ಅಂಥ ಕಾರುಗಳನ್ನು ನೀವೂ ನೋಡಿರುತ್ತೀರಿ. ಆದ್ದರಿಂದ ಸರ್ವಿಸ್‌ಗೆ ಹೋದಾಗಲೆಲ್ಲ ‘ರಬ್ಬಿಂಗ್ ಪಾಲಿಶ್ ಹಾಕೋಣವಾ?’ ಎಂದು ಕೇಳಿದರೆ ಬೇಡ ಎನ್ನಿ. ಮಾಡಿಸಲೇಬೇಕಾದರೆ ಮೊದಲು ದಪ್ಪ ಅಳೆಯುವ ಗೇಜ್ ಹಿಡಿಸಿ. ಅದು ತೋರಿಸುವುದು ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಸೇರಿದ ಲೆಕ್ಕ. ಪ್ಲಾಸ್ಟಿಕ್ ಬಂಪರ್ ಮೇಲೆ ಸಾಮಾನ್ಯ ಗೇಜ್ ಕೆಲಸ ಮಾಡುವುದಿಲ್ಲ. ಹೊಸದಾಗಿ ಪೇಂಟ್ ಮಾಡಿಸಿದ್ದರೆ ಒಂದೆರಡು ತಿಂಗಳು ವ್ಯಾಕ್ಸ್ ಹಾಕಿಸಬೇಡಿ.